‘ನಾಳೆ ರಜಾ’ ಹಾಡಿದವಳಿಗೆ

ಸೋಮವಾರ, ಬೆಳಗ್ಗೆ

ಪುಟ್ಟೀ,

ಇವತ್ತು ನನಗೆ ಉಪವಾಸ. ಹೊತ್ತು ಮುಳುಗುವವರೆಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಐದಕ್ಕೆ ಎದ್ದು ನೀರು ಹಿಡಿದೆ, ನೆಲ ಒರೆಸಿದೆ, ದೀಪ ಹಚ್ಚಿದೆ, ನಿನ್ನ ಕೋಣೆಯ ಕಿಟಕಿ ತೆಗೆದು ಗಾಳಿಯಾಡಲು ಬಿಟ್ಟೆ. ಹಾಸಿಗೆಯ ಹೊದಿಕೆ ತೆಗೆದು ಒಗೆದು ಹಾಕಿದೆ. ಹನ್ನೊಂದು ತಿಂಗಳಿಂದ ಅದರ ಮೇಲೆ ಯಾರೂ ಮಲಗಿಲ್ಲ, ಆದರೂ ಹದಿನೈದು ದಿನಕ್ಕೊಮ್ಮೆ ಒಗೆಯುತ್ತೇನೆ. ಇಡೀ ಆಸ್ಪತ್ರೆಯ ಹೊದಿಕೆ ಒಗೆಯುವವಳಿಗೆ ಮನೆಯದೊಂದು ಹೆಚ್ಚಲ್ಲ. ಈ ವಾರ ಎರಡನೇ ಪಾಳಿ. ಹನ್ನೆರಡಕ್ಕೆ ಲಾಂಡ್ರಿ ಸೇರಿದರೆ ಸಾಕು. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ನಾಳೆ ನಿಮ್ಮ ಹಾಡಿನ ತಂಡದ ಡ್ರಮ್ಮಿನ ಹುಡುಗಿ ಲಾಂಡ್ರಿಯ ಗೇಟಿನ ಹತ್ತಿರ ಬರುತ್ತೇನೆ ಎಂದಿದ್ದಾಳೆ. ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಮ್ಮ ಊರ ಶಾಲೆಯಲ್ಲಿ ಮೇಷ್ಟ್ರು ಕಾಗದ ಬರೆಯುವ ಕ್ರಮ ಕಲಿಸಿದ್ದರು. ಮೊದಲು ಕ್ಷೇಮ, ಆಮೇಲೆ ವಿಷಯ, ಕೊನೆಗೆ ನಮಸ್ಕಾರ. ನಾನು ಕ್ಷೇಮ. ವಿಷಯ ಮಾತ್ರ ಚೆನ್ನಾಗಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ನಿಮ್ಮ ಕೋಣೆಗೆ ಪೊಲೀಸರು ಬಂದರಲ್ಲ, ಗಿಟಾರಿನ ಹುಡುಗನನ್ನು ಕರೆದುಕೊಂಡು ಹೋದರಲ್ಲ, ಆ ಸುದ್ದಿ ಕೊಟ್ಟಿದ್ದು ಕೆಳಗಿನ ಗುಂಡಿ-ದಾರದ ಅಂಗಡಿಯ ಅಜ್ಜಿ ಅಲ್ಲ. ನಾನು. ಬರುವ ಶುಕ್ರವಾರ ಅವನ ವಿಚಾರಣೆ. ಅದಕ್ಕೆ ಮುಂಚೆ ನಿನಗೆ ಇದು ಗೊತ್ತಾಗಬೇಕು, ಅದೂ ನನ್ನಿಂದಲೇ ಗೊತ್ತಾಗಬೇಕು.

ಇಲ್ಲಿಗೆ ಓದುವುದು ನಿಲ್ಲಿಸಿ ಹರಿದು ಹಾಕಬೇಡ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ನಿಮ್ಮ ಹಾಡುಗಳನ್ನು ನಾನು ಮೊದಲು ಕೇಳಿದ್ದು ಲಾಂಡ್ರಿಯಲ್ಲಿ. ಅವತ್ತು ದೊಡ್ಡ ಯಂತ್ರ ಒಂದು ಕೆಟ್ಟಿತ್ತು, ಹಾಗಾಗಿ ಒಳಗೆ ಸದ್ದು ಕಡಿಮೆ. ನಾನು, ಗುಂಡಕ್ಕ ಇಬ್ಬರೂ ಹೊದಿಕೆ ಮಡಿಸುತ್ತಿದ್ದೆವು. ಅವಳು ಆ ಎರಡು ತುದಿ, ನಾನು ಈ ಎರಡು ತುದಿ. ಹತ್ತೊಂಬತ್ತು ವರ್ಷದಿಂದ ಹೀಗೆ ಎದುರುಬದುರು ನಿಂತು ಮಡಿಸಿದ್ದೇವೆ. ನಿನ್ನ ಅಪ್ಪನ ಜೊತೆ ಅಷ್ಟು ವರ್ಷ ಎದುರುಬದುರು ನಿಂತಿದ್ದಿಲ್ಲ. ಇಸ್ತ್ರಿ ಯಂತ್ರದವಳು ಮೊಬೈಲಿನಲ್ಲಿ ಹಾಡು ಹಾಕಿದಳು. ಹುಡುಗಿಯರೆಲ್ಲ ತೊಡೆ ತಟ್ಟಿ ಕುಣಿಯತೊಡಗಿದರು. ಗುಂಡಕ್ಕ ಹೊದಿಕೆ ಜಗ್ಗುತ್ತಾ, “ಇದ್ಯಾವಳೇ ತಾಯಿ ಹೀಗೆ ಗಂಟಲು ಹರ್ಕೋತಾಳೆ, ಇವಳ ಮನೇಲಿ ಹೇಳೋರು ಕೇಳೋರು ಇಲ್ವಾ” ಅಂದಳು.

ನನಗೆ ಮೊದಲ ಉಸಿರಿಗೇ ಗೊತ್ತಾಗಿತ್ತು. ನೀನು ದೊಡ್ಡ ಸಾಲು ಹಾಡುವ ಮುಂಚೆ ಮೂಗಿನಿಂದ ಒಂದು ಚೂರು ಉಸಿರು ಎಳೆದುಕೊಳ್ಳುತ್ತೀಯ. ಪ್ರಾರ್ಥನೆಯ ಗುಂಪಿನಲ್ಲಿ ನನ್ನ ಪಕ್ಕ ನಿಂತು ಹಾಡುವಾಗಿನಿಂದ ಹಾಗೇ. ನನ್ನ ಕೈಯಿಂದ ಹೊದಿಕೆ ಜಾರಿ ನೆಲಕ್ಕೆ ಬಿತ್ತು. ಒಗೆದ ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ಒಗೆಯಬೇಕು ಎಂಬುದು ನಮ್ಮ ನಿಯಮ. ಗುಂಡಕ್ಕ, “ಏನಾಯ್ತೇ, ಗೊತ್ತಿರೋರಾ?” ಅಂದಳು. ಇಲ್ಲ ಅಂದೆ. ಹೆತ್ತ ಮಗಳನ್ನು ಗೊತ್ತಿಲ್ಲ ಅಂದೆ. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಮನೆಗೆ ಬಂದು ಪಕ್ಕದ ಮನೆಯ ಟೀಚರಮ್ಮನ ಕೈಲಿ ಹುಡುಕಿಸಿ, ಹತ್ತೂ ಹಾಡು ಕೂತು ಕೇಳಿದೆ. ಮೊಬೈಲಿನ ಮೇಲೆ ಚಿತ್ರ ಬರುತ್ತದಲ್ಲ, ನೀವು ಮೂವರೂ ಒಂದು ಮುರಿದ ಸೋಫಾದ ಮೇಲೆ ನಿಂತಿರುವುದು, ಕೆಳಗೆ ‘ನಾಳೆ ರಜಾ’ ಎಂದು ಬರೆದಿರುವುದು. ಮೊದಲ ಹಾಡು ಕುಡಿಯುವುದರ ಮೇಲೆ. ಎರಡನೆಯದು ಮೇಲಧಿಕಾರಿಯ ಮುಖಕ್ಕೆ ಬಾಗಿಲು ಬಡಿಯುವುದರ ಮೇಲೆ. ಮೂರು, ನಾಲ್ಕು, ಐದು ಎಲ್ಲ ಬರೀ ಹೊಗೆ. ಆರನೆಯದರಲ್ಲಿ ನೀನು ಹಾಡುವುದೂ ಇಲ್ಲ, ಜಗಳ ಆಡಿದ ಹಾಗೆ ಬಡಬಡ ಹೇಳುತ್ತಾ ಹೋಗುತ್ತೀಯ. ಹಾಸಿಗೆ ಕೆಳಗೆ ಹತ್ತು ಕಿಲೋ ಸೊಪ್ಪು, ಹಿಡಿಯೋಕೆ ಬಂದ್ರೆ ನಿಂದೇ ತಪ್ಪು. ತಕ್ಕಡಿ ತಾರೋ, ತೂಗಿ ಕೊಡ್ತೀನಿ, ಸಾಲು ನಿಲ್ಲೋ. ಟೀಚರಮ್ಮ ನನ್ನ ಮುಖ ನೋಡಿ, “ಸೊಪ್ಪು ಅಂದ್ರೆ ಅಡುಗೆ ಸೊಪ್ಪಲ್ಲ, ಗಾಂಜಾ” ಅಂದರು. ನನಗೆ ಗೊತ್ತು ಅಂದೆ. ಅವರಿಗಿಂತ ಚೆನ್ನಾಗಿ ಗೊತ್ತು.

ಹೇಗೆ ಗೊತ್ತು ಎಂದು ನಿನಗೆ ಹೇಳಿಲ್ಲ. ನಿನ್ನ ಸೋದರಮಾವ ಜ್ವರ ಬಂದು ಹೋದ ಎಂದು ಹೇಳಿದ್ದೆ. ಜ್ವರ ಕೊನೆಯ ನಾಲ್ಕು ದಿನದ್ದು. ಅದಕ್ಕೆ ಮುಂಚೆ ಆರು ವರ್ಷ ಇದೇ ಹೊಗೆ. ಹಿಟ್ಟಿನ ಗಿರಣಿಯ ಹಿಂದೆ ಕೂರುತ್ತಿದ್ದ. ನನಗೆ ಹದಿನಾಲ್ಕನೇ ವಯಸ್ಸಿನಲ್ಲೇ ಗೊತ್ತಿತ್ತು, ಯಾರ ಹತ್ತಿರ ತರುತ್ತಾನೆ ಎಂದೂ ಗೊತ್ತಿತ್ತು. ಅಪ್ಪನಿಗೆ ಹೇಳಬೇಡಕ್ಕ ಅಂದಿದ್ದ, ತಲೆ ಮೇಲೆ ಕೈ ಇಡಿಸಿಕೊಂಡಿದ್ದ. ಬಾಯಿ ಮುಚ್ಚಿಕೊಂಡೆ. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಅವನ ಜೊತೆ ಕೂರುತ್ತಿದ್ದ ಇಬ್ಬರು ಇವತ್ತಿಗೂ ಅಂಗಡಿ ನಡೆಸಿಕೊಂಡು ಚೆನ್ನಾಗಿದ್ದಾರೆ. ಅವನ ತಲೆ ಮಾತ್ರ ತಡೆಯಲಿಲ್ಲ. ಮುನ್ನೂರು ದೇವರ ಹಾಡು ಪುಸ್ತಕ ನೋಡದೆ ಹಾಡುತ್ತಿದ್ದವನು ಕೊನೆಗೆ ಒಂದು ಸಾಲಿಗೂ ತಡಕಾಡುತ್ತಿದ್ದ. ಪ್ರಾರ್ಥನೆಯಲ್ಲಿ ನನ್ನ ಎದುರು ನಿಂತು, ನನ್ನ ತುಟಿ ನೋಡಿಕೊಂಡು, ಅದೇ ರೀತಿ ತನ್ನ ತುಟಿ ಆಡಿಸುತ್ತಿದ್ದ. ಶಬ್ದ ಬರುತ್ತಿರಲಿಲ್ಲ.

ಆ ಮೂಗಿನ ಉಸಿರು ಅವನದೇ. ನಿನಗೆ ಹೇಗೆ ಬಂತೋ ದೇವರಿಗೇ ಗೊತ್ತು. ನೀನು ಅವನನ್ನು ನೋಡಿಯೇ ಇಲ್ಲ.

ನಿನ್ನ ವಯಸ್ಸಿನವರಿಗೆ ನಗು ಬರಬಹುದು, ಆದರೆ ಒಂದು ಮಾತು ನನಗೆ ಆಗ ಹೊಳೆಯಲೇ ಇಲ್ಲ. ಹಾಡಿನಲ್ಲಿ ಇಲ್ಲದ್ದನ್ನು ಹೇಳುತ್ತಾರೆ ಎಂಬುದು. ನಮ್ಮ ಗುಂಪಿನಲ್ಲಿ ಹಾಡು ಅಂದರೆ ದೇವರ ಎದುರು ಕೊಟ್ಟ ಮಾತು. ‘ನಾನು ಪಾಪಿ’ ಎಂದು ಹಾಡುವಾಗ ನಾನು ಆ ವಾರ ಮಾಡಿದ ಪಾಪ ನೆನೆಸಿಕೊಂಡೇ ಹಾಡುತ್ತೇನೆ. ನೆನಪಿಗೆ ಬಾರದಿದ್ದರೆ ಆ ಸಾಲು ಬಿಡುತ್ತೇನೆ. ನಿನಗೂ ಹಾಗೇ ಕಲಿಸಿದ್ದೆ. ಆರು ವರ್ಷದವಳಿದ್ದಾಗ ನೀನು ಒಂದು ಭಾನುವಾರ, “ಅಮ್ಮ, ನಾನು ಈ ವಾರ ಏನೂ ಮಾಡಿಲ್ಲ, ಈ ಸಾಲು ಹಾಡ್ಲಾ ಬೇಡ್ವಾ” ಎಂದು ಎಲ್ಲರ ಎದುರು ಕೇಳಿ ನಗಿಸಿದ್ದೆ. ಅಂಥವಳು ಹಾಸಿಗೆ ಕೆಳಗೆ ಹತ್ತು ಕಿಲೋ ಇದೆ ಎಂದು ಲೋಕಕ್ಕೆಲ್ಲ ಕೂಗಿ ಹೇಳಿದರೆ, ಇದೆ ಎಂದೇ ನಂಬಿದೆ.

ಎರಡು ದಿನ ಊಟ ಸೇರಲಿಲ್ಲ. ಒಮ್ಮೆ ಬಾಯಿ ಮುಚ್ಚಿಕೊಂಡು ತಮ್ಮನನ್ನು ಕಳೆದುಕೊಂಡೆ. ಈ ಸಲ ಬಾಯಿ ತೆಗೆಯುತ್ತೇನೆ ಎಂದು ಹೊರಟೆ. ಮೊದಲು ನಿನ್ನ ಹತ್ತಿರ ಬಂದು ಕೇಳಬೇಕಿತ್ತು. ಬರಲಿಲ್ಲ. ಮನೆ ಬಿಟ್ಟು ಹೋಗುವಾಗ ನೀನು, “ನೀನು ನನ್ನ ಹಾಡನ್ನ ಕೇಳೋದಿಲ್ಲ, ತಪ್ಪು ಹುಡುಕ್ತೀಯ” ಅಂದಿದ್ದೆಯಲ್ಲ, ಆ ಮಾತನ್ನು ನಾನು ಮರೆತಿರಲಿಲ್ಲ. ಮಗಳ ಬಾಗಿಲು ತಟ್ಟುವುದಕ್ಕಿಂತ ಠಾಣೆಯ ಮೆಟ್ಟಿಲು ಹತ್ತುವುದು ಸುಲಭ ಅನ್ನಿಸಿತು. ಇಂಥ ಬುದ್ಧಿ ಬೇರೆ ಯಾವ ತಾಯಿಗೂ ಬಾರದಿರಲಿ.

ಅಗತ್ಯ ಬಿದ್ದರೆ ಇರಲಿ ಎಂದು ನೀನು ಒಂದು ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟಿದ್ದೆ. ಬೇರೆ ಯಾರಿಗೂ ಕೊಡಬೇಡಮ್ಮ ಅಂದಿದ್ದೆ. ಆ ಚೀಟಿಯನ್ನೇ ಠಾಣೆಯ ಸಾಹೇಬರ ಮೇಜಿನ ಮೇಲೆ ಇಟ್ಟೆ. ನನ್ನ ಮಗಳನ್ನು ಬಿಡಿಸಿಕೊಡಿ, ಬೇರೆ ಏನೂ ಬೇಡ ಅಂದೆ. ಅವರು ಏನೇನೋ ಕೇಳಿದರು, ನಾನು ಹೇಳಿದೆ, ಬರೆದುಕೊಂಡರು. ಸಹಿ ಹಾಕಿ ಬಂದೆ. ಹೊರಗೆ ಬಂದಾಗ ಎದೆ ಹಗುರವಾದ ಹಾಗಿತ್ತು. ಅವತ್ತು ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದೆ. ಅದನ್ನು ನೆನೆದರೆ ಈಗ ಮೈ ಮುದುಡುತ್ತದೆ.

ಕಳೆದ ಗುರುವಾರ ಊಟದ ಹೊತ್ತಿಗೆ ಡ್ರಮ್ಮಿನ ಹುಡುಗಿ ಲಾಂಡ್ರಿಗೆ ಬಂದಳು. ಮೂಗಿಗೆ ಎರಡು ರಿಂಗು, ತುಟಿಗೆ ಒಂದು. ಊಟ ಮಾಡುವಾಗ ಏನು ಮಾಡುತ್ತಾಳೋ ಅಂದುಕೊಂಡೆ. ನನ್ನ ಡಬ್ಬಿಯ ಮುಂದೆ ಕೂರಿಸಿದೆ. ಸಲೀಸಾಗಿ ಅರ್ಧ ಡಬ್ಬಿ ಖಾಲಿ ಮಾಡಿದಳು. ಗುಂಡಕ್ಕ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಆ ಹುಡುಗಿಗೆ, “ನೋವಾಗಲ್ವೇನೇ ಅದು?” ಅಂದಳು. “ಮೊದ್ಲು ಆಯ್ತು ಆಂಟಿ, ಈಗ ನಿಮ್ಮಂಥೋರು ನೋಡಿದ್ರೆ ಮಾತ್ರ” ಅಂದಳು ಅವಳು. ಗುಂಡಕ್ಕನಿಗೆ ಅವಳು ಅಲ್ಲಿಂದಲೇ ಇಷ್ಟವಾಗಿಬಿಟ್ಟಳು.

ಈಗ ನೀನು ಅವಳ ಮನೆಯ ಹಜಾರದಲ್ಲಿ ಮಲಗುತ್ತಿದ್ದೀಯ ಎಂದು ಅವಳೇ ಹೇಳಿದ್ದು. ಪೊಲೀಸರು ಬಂದಾಗ ನಿನ್ನ ಹಾಸಿಗೆ ಎತ್ತಿ ನೋಡಿದರಂತೆ. ಅಡಿಯಲ್ಲಿ ಹಾಡು ಬರೆಯುವ ನೋಟುಬುಕ್ಕುಗಳು, ಒಂದು ಹಳೆಯ ಸ್ವೆಟರು, ಉಬ್ಬಸಕ್ಕೆ ಬಾಯಿಗೆ ಹಿಡಿದುಕೊಳ್ಳುವ ಆ ಔಷಧದ ಪಂಪು. ಅಷ್ಟೇ. “ಆಂಟಿ, ನಿಮ್ಮ ಮಗಳು ಹೊಗೆ ಸೇದೋದಾ? ಪಕ್ಕದ ಮನೇಲಿ ಮೆಣಸಿನಕಾಯಿ ಹುರಿದ್ರೆ ಬೀದಿಗೆ ಓಡ್ತಾಳೆ. ಪಾರ್ಟಿ ಹಾಡು ಬರೀತಾಳೆ, ಪಾರ್ಟಿ ಶುರು ಆಗೋ ಹೊತ್ತಿಗೆ ಮಲಗಿರ್ತಾಳೆ. ನಾವಿಬ್ರೂ ಅವಳನ್ನ ಅಜ್ಜಿ ಅಂತೀವಿ” ಅಂದಳು.

ಪುಟ್ಟೀ, ಉಬ್ಬಸ. ನೀನು ಚಿಕ್ಕವಳಿದ್ದಾಗ ಬಿಸಿನೀರಿನ ಪಾತ್ರೆಯ ಮೇಲೆ ನಿನ್ನ ಮುಖ ಹಿಡಿದು, ಮೇಲೆ ಟವೆಲು ಹೊದಿಸಿ, ಬೆನ್ನು ನೀವಿದವಳು ನಾನು. ನಿನಗೆ ಕೆಮ್ಮು ಬರುತ್ತದೆ ಎಂದು ದೇವರ ಮುಂದೆ ಊದುಬತ್ತಿ ಹಚ್ಚುವುದನ್ನೇ ನಿಲ್ಲಿಸಿದವಳು. ದೇವರಿಗಿಂತ ನಿನ್ನ ಎದೆ ನನಗೆ ಹೆಚ್ಚಾಗಿತ್ತು, ಅದಕ್ಕೆ ಒಂದು ದಿನವೂ ಕ್ಷಮೆ ಕೇಳಿರಲಿಲ್ಲ. ಆರನೇ ಹಾಡು ಕೇಳುವಾಗ ಅದೊಂದೂ ನೆನಪಿಗೆ ಬರಲಿಲ್ಲ. ನನ್ನ ಕಿವಿಯಲ್ಲಿ ತಮ್ಮ ಕೂತಿದ್ದ. ನಿನ್ನ ದನಿಯನ್ನು ಅವನು ಒಳಗೆ ಬಿಡಲಿಲ್ಲ.

ಹಾಗಾದರೆ ಇಲ್ಲದ್ದನ್ನು ಯಾಕೆ ಹಾಡುತ್ತೀರಿ ಎಂದು ಕೇಳಿದೆ. ಅವಳು ಬೆರಳು ನೆಕ್ಕುತ್ತಾ, “ವಾರವೆಲ್ಲಾ ತಲೆ ಬಗ್ಗಿಸಿ ದುಡೀತೀವಿ ಆಂಟಿ, ಬೈಸ್ಕೋತೀವಿ. ಹಾಡಲ್ಲಾದ್ರೂ ನಾಳೆ ರಜಾ ಅನ್ಬಾರ್ದಾ?” ಅಂದಳು. ಲಾಂಡ್ರಿಯ ಹುಡುಗಿಯರು ಯಾಕೆ ತೊಡೆ ತಟ್ಟಿ ಕುಣಿದರು ಎಂದು ಆಗ ಸ್ವಲ್ಪ ತಿಳಿಯಿತು. ಅವರಲ್ಲಿ ಒಬ್ಬಳೂ ಸೇದುವವಳಲ್ಲ. ರಜೆ ಎಂಬ ಮಾತಿಗೆ ಕುಣಿದದ್ದು.

ಆದರೂ ಮನಸ್ಸಿನಲ್ಲಿ ಇರುವುದನ್ನು ಮುಚ್ಚಿಡುವುದಿಲ್ಲ. ಆ ಹಾಡು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ನೀನು ಸೇದದೆ ಹಾಡುತ್ತೀಯ. ಕೇಳಿದವರಲ್ಲಿ ನಿನ್ನ ಮಾವನಂಥ ತಲೆಯವನೊಬ್ಬ ಇದ್ದರೆ ಅವನು ಹಾಡಿ ಸುಮ್ಮನಿರುವುದಿಲ್ಲ. ಅದನ್ನು ನೀನು ಯೋಚಿಸಬೇಕು. ಇದನ್ನು ನಿನ್ನ ಎದುರು ಕೂತು ಹೇಳಿ, ನಿನ್ನಿಂದ ನಾಲ್ಕು ಮಾತು ಅನ್ನಿಸಿಕೊಂಡು ಬರಬೇಕಿತ್ತು. ಅಷ್ಟಕ್ಕೆ ಮುಗಿಯುತ್ತಿತ್ತು.

ಈಗ ಗಿಟಾರಿನ ಹುಡುಗನ ವಿಷಯ. ಅವನ ಗಿಟಾರಿನ ಪೆಟ್ಟಿಗೆಯಲ್ಲಿ ಎರಡು ಬೆರಳಿನಷ್ಟು ಸಿಕ್ಕಿತಂತೆ. ನನ್ನದೇ, ನಾನೇ ಸೇದೋದು ಎಂದು ಅವನೇ ಒಪ್ಪಿಕೊಂಡನಂತೆ. ಅಷ್ಟಕ್ಕಾದರೆ ಎಚ್ಚರಿಕೆ ಕೊಟ್ಟು ದಂಡ ಹಾಕಿ ಬಿಡುತ್ತಿದ್ದರಂತೆ. ಆದರೆ ಮೂಟೆಗಟ್ಟಲೆ ಇಟ್ಟು ಮಾರುತ್ತಿದ್ದದ್ದನ್ನು ಕಣ್ಣಾರೆ ಕಂಡೆ ಎಂದು ಯಾರೋ ಹೆಂಗಸು ಬರೆದುಕೊಟ್ಟಿದ್ದಾಳೆ, ಹಾಗಾಗಿ ಮಾರುವವನು ಎಂದು ಹಿಡಿದಿಟ್ಟಿದ್ದಾರೆ, ಏಳೆಂಟು ವರ್ಷ ಒಳಗೆ ಹಾಕಬಹುದು ಎಂದು ವಕೀಲರು ಹೇಳಿದರಂತೆ. ಅಂಗಡಿಯ ಅಜ್ಜಿಯೇ ಆ ಹೆಂಗಸು ಎಂದು ನೀನು ಬೀದಿಯಲ್ಲಿ ನಿಂತು ಬೈದೆಯಂತೆ. ಆಯಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾರಂತೆ, ನಿಮಗೆ ಕೋಣೆ ಬಿಡಿ ಎಂದರಂತೆ. ಎಪ್ಪತ್ತು ದಾಟಿದ ಜೀವ ಪುಟ್ಟೀ. ಈ ಕಾಗದ ಓದಿ ಮುಗಿಸಿದ ಕೂಡಲೇ ಹೋಗಿ ಅವರ ಕಾಲು ಹಿಡಿ. ಮಾತಾಡಿಸದಿದ್ದರೆ ಬಾಗಿಲಲ್ಲೇ ಕೂತಿರು.

ಡ್ರಮ್ಮಿನ ಹುಡುಗಿ ಅವನ ಫೋಟೋ ತೋರಿಸಿದಳು. ಆ ಮುರಿದ ಸೋಫಾದ ಮೇಲೆ ಕೂದಲು ಕೆದರಿಕೊಂಡು ನಿಂತದ್ದಲ್ಲ, ಬೇರೆ. ಟೋಪಿ ಹಾಕಿಕೊಂಡು ಬ್ರೆಡ್ಡಿನ ವ್ಯಾನಿನ ಪಕ್ಕ ನಿಂತಿದ್ದ. ನನಗೆ ಅವನು ಗೊತ್ತು. ಆಸ್ಪತ್ರೆಯ ಹಿಂಬಾಗಿಲಿಗೆ ದಿನಾ ಬೆಳಗ್ಗೆ ಬ್ರೆಡ್ಡು ಇಳಿಸುತ್ತಿದ್ದವನು. ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡಿರುತ್ತಿದ್ದ, ಹಾಗಾಗಿ ಆ ಚಿತ್ರದಲ್ಲಿ ಗುರುತು ಹತ್ತಲಿಲ್ಲ. ನನ್ನ ಬಟ್ಟೆಯ ಗಾಡಿ ಇಳಿಜಾರಿನಲ್ಲಿ ಸಿಕ್ಕಿಕೊಂಡರೆ, “ಬಿಡಿ ಅಮ್ಮಾ, ನೀವು ಹಿಂದಿಂದ ಬೈತಾ ಬನ್ನಿ, ನಾನು ತಳ್ತೀನಿ” ಎನ್ನುತ್ತಿದ್ದ. ನೀನು ನನಗೆ ಡಬ್ಬಿ ತರುತ್ತಿದ್ದ ದಿನಗಳಲ್ಲಿ ಅಲ್ಲೇ ಅವನ ಪರಿಚಯ ಆಗಿರಬೇಕು. ಈಗ ಮೂರು ವಾರದಿಂದ ಬೇರೆ ಯಾರೋ ವ್ಯಾನು ತರುತ್ತಾರೆ. ಹಳಬ ಎಲ್ಲಿ ಎಂದು ನಾನೇ ಕೇಳಿದ್ದೆ. ಗೊತ್ತಿಲ್ಲ ಅಂದರು. ನಾನು ತಲೆ ಆಡಿಸಿ ಗಾಡಿ ತಳ್ಳಿಕೊಂಡು ಹೋದೆ.

ಆ ಹುಡುಗಿ ನನ್ನ ಹತ್ತಿರ ಬಂದದ್ದು ಅವನು ಒಳ್ಳೆಯವನು ಎಂದು ಆಸ್ಪತ್ರೆಯ ನಾಲ್ಕು ಜನರಿಂದ ಬರೆಸಿ ಸಹಿ ಹಾಕಿಸಿಕೊಡಿ ಎಂದು ಕೇಳಲು. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ ಆಂಟಿ, ನೀವು ಸುಳ್ಳು ಹೇಳೋರಲ್ಲ ಅಂತ ಎಲ್ಲರಿಗೂ ಗೊತ್ತು ಎಂದಳು. ನನ್ನ ಡಬ್ಬಿ ತೊಳೆದು ಒರೆಸಿ ಕೊಟ್ಟು ಹೋದಳು. ನಾನು ಅವಳಿಗೆ ಏನೂ ಹೇಳಲಿಲ್ಲ.

ಶುಕ್ರವಾರ ನಾನು ವಿಚಾರಣೆಗೆ ಬರುತ್ತೇನೆ. ಠಾಣೆಯ ಸಾಹೇಬರೂ ಬರಲು ಹೇಳಿ ಚೀಟಿ ಕಳಿಸಿದ್ದಾರೆ. ಅಲ್ಲಿ ನೀನು ನನ್ನನ್ನು ನೋಡುತ್ತೀಯ. ನೋಡಿ ಆಶ್ಚರ್ಯಪಡಬಾರದು ಎಂದೇ ಇಷ್ಟೆಲ್ಲ ಬರೆದೆ. ನಿನ್ನ ಅಮ್ಮನಿಗೆ ನಿನ್ನ ಮೇಲೆ ದ್ವೇಷ ಇರಲಿಲ್ಲ ಎಂಬುದೊಂದು ನಿನ್ನ ಮನಸ್ಸಿನಲ್ಲಿ ಇದ್ದರೆ ಸಾಕು. ಕ್ಷಮೆ ಈಗಲೇ ಬೇಡ. ಆಮೇಲೆ, ನಿನ್ನಿಂದ ಆದರೆ.

ಸ್ವೆಟರು ಹಳೆಯದಾಗಿದೆ ಎಂದು ಆ ಹುಡುಗಿ ಹೇಳಿದ್ದಕ್ಕೆ ಒಂದು ಹೊಸದು ಜೊತೆಗೆ ಇಟ್ಟಿದ್ದೇನೆ. ಪಂಪಿನ ಔಷಧ ಮುಗಿಯುವ ಮುಂಚೆ ತಂದಿಟ್ಟುಕೋ. ಕೂಗಿ ಹಾಡಿದ ದಿನ ಬಿಸಿನೀರು ಕುಡಿ.

ಇಂತಿ,
ನಿನ್ನ ಅಮ್ಮ

ಮತ್ತೆ ಬರೆದದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿ ಅಂಟಿಸಲು ಹೋದೆ. ಕೈ ಬರಲಿಲ್ಲ. ಮೇಲೆ, “ಅವರು ಏನೇನೋ ಕೇಳಿದರು, ನಾನು ಹೇಳಿದೆ” ಎಂದು ದಾಟಿಸಿಬಿಟ್ಟಿದ್ದೇನೆ. ಅವರು ಕೇಳಿದ್ದು ಇದು. ಹಾಡಲ್ಲಿ ಹೇಳಿದ್ದಕ್ಕೆಲ್ಲ ಹಿಡಿಯೋಕೆ ಹೋದ್ರೆ ಅರ್ಧ ಊರನ್ನ ಒಳಗೆ ಹಾಕ್ಬೇಕಾಗುತ್ತೆ ಅಮ್ಮ, ನೀವು ಕಣ್ಣಾರೆ ನೋಡಿದೀರಾ ಎಂದರು. ನೋಡಿಲ್ಲ ಎಂದರೆ ಚೀಟಿ ವಾಪಸ್ಸು ಕೊಟ್ಟು ಕಳಿಸುತ್ತಿದ್ದರು. ನೋಡಿದೆ ಎಂದೆ. ಮೂಟೆ ಇತ್ತಾ ಎಂದರು, ಇತ್ತು ಎಂದೆ. ತಕ್ಕಡಿ ಇತ್ತಾ ಎಂದರು. ಹಾಡಿನಲ್ಲಿ ಇತ್ತಲ್ಲ, ಇತ್ತು ಎಂದೆ. ತೂಗ್ತಾ ಇದ್ದದ್ದು ಯಾರು ಎಂದರು. ನಿನ್ನ ಹೆಸರು ಬಾರದಿರಲಿ ಎಂದು, ಮೊಬೈಲಿನ ಚಿತ್ರದಲ್ಲಿ ಕಂಡ ಆ ಉದ್ದ ಕೂದಲಿನವನನ್ನು ಹೇಳಿದೆ. ಕಣ್ಣಾರೆ ಕಂಡ ಹೆಂಗಸು ನಾನೇ. ನಿಮ್ಮ ಕೋಣೆಯ ಬಾಗಿಲು ಯಾವ ಬಣ್ಣ ಎಂದೂ ನನಗೆ ಗೊತ್ತಿಲ್ಲ.

ಶುಕ್ರವಾರ ಎಲ್ಲರ ಎದುರು ನಿಂತು ಅದು ಸುಳ್ಳು ಎಂದು ಹೇಳುತ್ತೇನೆ. ಸುಳ್ಳು ಬರೆದುಕೊಟ್ಟವರನ್ನು ಸುಮ್ಮನೆ ಮನೆಗೆ ಕಳಿಸುವುದಿಲ್ಲ ಎಂದು ಟೀಚರಮ್ಮ ಹೇಳಿದ್ದಾರೆ. ಕಳಿಸುವುದು ಬೇಡ. ನೀನು ಉತ್ತರ ಬರೆದರೆ, ಬೈದು ಬರೆದರೂ ಸರಿ, ಡ್ರಮ್ಮಿನ ಹುಡುಗಿಯ ಕೈಲಿ ಕಳಿಸು. ಶುಕ್ರವಾರದ ಮೇಲೆ ಲಾಂಡ್ರಿಯ ಗೇಟಿಗೆ ಬರುವುದು ಬೇಡ ಎಂದು ಅವಳಿಗೆ ಹೇಳು. ನನ್ನನ್ನು ಎಲ್ಲಿ ಕೂರಿಸಿದ್ದಾರೆ ಎಂದು ಕೋರ್ಟಿನ ಗುಮಾಸ್ತರನ್ನು ಕೇಳಿಕೊಂಡು, ಅಲ್ಲಿಗೆ ತಂದುಕೊಡಲಿ.